ಉಬ್ಬೆಗೆ ಹೆದರಿದ ಮಾಂತ್ರಿಕ

ಬೆಟ್ಟಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಮೂರು ಹೊಳೆ ದಾಟಿದರೆ ಸಿಗುವ ಬಯಲಿನಲ್ಲಿ, ಸುರಗೋಡು ಎಂಬ ರಾಜ್ಯವಿತ್ತು. ಕೇತರಸ ಅದರ ದೊರೆ. ಕೋಟೆ ಎತ್ತರ, ಬಾಗಿಲು ಭದ್ರ. ಅರಮನೆಯ ನೆತ್ತಿಯ ಮೇಲೆ ಹಿತ್ತಾಳೆಯ ನವಿಲೊಂದಿತ್ತು. ಅದು ದಿನಕ್ಕೊಮ್ಮೆ ಗರಿ ಬಿಚ್ಚಿ ಕುಣಿಯುತ್ತಿತ್ತು. ಇಷ್ಟೆಲ್ಲ ವೈಭವದ ಊರಿನ ಬೀದಿಗಳ ಗತಿ ಮಾತ್ರ ಹೇಳತೀರದು. ಒಂದೇ ಸೂರಿನಡಿ ಆಚೆ ದನ, ಈಚೆ ಜನ. ಮನೆಯ ಬಚ್ಚಲು ಬೀದಿಗೆ ಹರಿಯುತ್ತಿತ್ತು, ಬೀದಿಯ ಬಚ್ಚಲು ನೆರೆಮನೆಯ ಹೊಸ್ತಿಲಿಗೆ ಹರಿಯುತ್ತಿತ್ತು. ತಿಪ್ಪೆಗಳು ಮನೆಗಿಂತ ಎತ್ತರ ಬೆಳೆದಿದ್ದವು. ದೊರೆ ಪಲ್ಲಕ್ಕಿಯಲ್ಲಿ ಹೋಗುವಾಗ ಮೂಗಿಗೆ ಸಂಪಿಗೆ ಹಿಡಿದುಕೊಳ್ಳುತ್ತಿದ್ದ. ಉಳಿದವರು ಆ ವಾಸನೆಯಲ್ಲೇ ಹುಟ್ಟಿ ಬೆಳೆದವರಾದ್ದರಿಂದ ಅವರಿಗೆ ಸಂಪಿಗೆಯ ಅಗತ್ಯವೇ ಕಾಣಲಿಲ್ಲ.

ಊರ ನಡುವೆ ಏಳು ಸುತ್ತು ಮೆಟ್ಟಿಲಿನ ದೊಡ್ಡ ಹೊಂಡವಿತ್ತು. ಅದರ ನೀರು ಎಷ್ಟು ತಿಳಿ ಎಂದರೆ ನಾಲ್ಕಾಳು ಆಳದ ಮರಳಿನ ಕಾಳೂ ಕಾಣುತ್ತಿತ್ತು. ಬೆಳಗಿನ ಬಿಸಿಲು ಬಿದ್ದಾಗ ಮೀನುಗಳು ಮೇಲೆ ಬಂದು ಸಣ್ಣ ದನಿಯಲ್ಲಿ ಹಾಡುತ್ತಿದ್ದವು. ತಳದಲ್ಲಿ ಹೊಂಡಮ್ಮ ಇದ್ದಾಳೆ, ಅವಳು ಬೇನೆಗಳನ್ನೆಲ್ಲ ನುಂಗುತ್ತಾಳೆ ಎಂದು ಜನ ನಂಬಿದ್ದರು. ಅದಕ್ಕೇ ಸುರಗೋಡಿನಲ್ಲಿ ಒಂದು ಪದ್ಧತಿಯಿತ್ತು. ಮನೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ, ಅವರು ಮಲಗಿದ ಚಾಪೆಯನ್ನೋ ಉಟ್ಟ ಬಟ್ಟೆಯನ್ನೋ ತಂದು ಹೊಂಡದಲ್ಲಿ ಎರಡು ಸಲ ಅದ್ದಿ, ಮೂರನೆಯ ಸಲ ನೀರಿಗೇ ಬಿಟ್ಟು, "ತಾಯಿ, ಬೇನೆ ನಿನಗೆ ಒಪ್ಪಿಸಿದೆ" ಎನ್ನಬೇಕು. ಆಮೇಲೆ ಅದೇ ಮೆಟ್ಟಿಲಲ್ಲಿ ಒಂದು ಕೊಡ ನೀರು ತುಂಬಿಕೊಂಡು ಹೋಗಿ ರೋಗಿಗೆ ಕುಡಿಸಬೇಕು. ಇದಕ್ಕೆ ಒಪ್ಪಿಸುವುದು ಎಂದೇ ಹೆಸರು.

ಆ ವರುಷ ಸುರಗೋಡಿಗೆ ವಾಂತಿಭೇದಿ ಬಂತು. ಬೆಳಿಗ್ಗೆ ನಗುತ್ತಿದ್ದವರು ಸಂಜೆಗೆ ಇಲ್ಲ. ಜನ ಒಪ್ಪಿಸಿದರು, ಮತ್ತೆ ಒಪ್ಪಿಸಿದರು. ಎಷ್ಟು ಒಪ್ಪಿಸಿದರೂ ಬೇನೆ ಹೆಚ್ಚುತ್ತಲೇ ಹೋಯಿತು. ಇದು ಕಾಳಜಂಘನ ಕೆಲಸವೆಂದು ಹಿರಿಯರು ಹೇಳಿದರು. ಕಾಳಜಂಘ ತಾಳೆಮರದೆತ್ತರದ ಮಾಂತ್ರಿಕ. ಕರೆಯದೆ ಯಾರ ಮನೆಯನ್ನೂ ಹೊಗಲಾರದ ಶಾಪ ಅವನಿಗಿತ್ತು. ಕೇತರಸನ ಅಜ್ಜ ಅವನನ್ನು ರಾಜ್ಯದಿಂದ ಓಡಿಸಿದ್ದ. ಅವನು ತಿರುಗಿ ಬಂದಿದ್ದಾನೆ ಎಂದು ಊರೇ ನಡುಗಿತು.

ದೊರೆ ಮೂವರು ವೀರರನ್ನು ಕರೆಸಿದ. ಮೊದಲನೆಯವನು ದಂಡನಾಯಕ, ಅವನು ಕೋಟೆಯ ಬಾಗಿಲಲ್ಲಿ ಮೀಸೆ ತಿರುವುತ್ತ ಹದಿನೈದು ದಿನ ನಿಂತ. ಬೇನೆ ಅವನ ಮೀಸೆಯ ಕೆಳಗೇ ದಾಟಿ ಹೋಯಿತು. ಎರಡನೆಯವನು ಮಂತ್ರವಾದಿ, ಅವನು ಬೀದಿಬೀದಿಗೆ ಬೇವಿನ ಹೊಗೆ ಹಾಕಿದ. ಸೊಳ್ಳೆ ಸತ್ತವು, ಬೇನೆ ಸಾಯಲಿಲ್ಲ. ಮೂರನೆಯವನು ಬೇಡರ ನಾಯಕ. ಅವನು ಕಾಡನ್ನೆಲ್ಲ ಜಾಲಾಡಿ ತಾಳೆಮರದೆತ್ತರದವನನ್ನು ಹುಡುಕಿದ. ಕಾಡಿನಲ್ಲಿ ತಾಳೆಮರಗಳು ಮಾತ್ರ ಸಿಕ್ಕವು.

ಕೋಟೆಯ ಹೊರಗೆ, ಹಳ್ಳದ ದಂಡೆಯಲ್ಲಿ ಅಗಸರ ಕೇರಿಯಿತ್ತು. ಅಲ್ಲಿ ಮಾಚಿ ಎಂಬ ಹುಡುಗಿ ತಾಯಿ ಕಲ್ಲವ್ವನ ಜೊತೆ ಇದ್ದಳು. ಇಪ್ಪತ್ತು ದಾಟಿದ ಗಟ್ಟಿಗಿತ್ತಿ. ಊರವರ ಬಟ್ಟೆ ತಂದು, ಚೌಳು ಮಣ್ಣಿನ ನೀರಿನಲ್ಲಿ ನೆನೆಸಿ, ದೊಡ್ಡ ಮಣ್ಣಿನ ಬಾನಿಯ ಬಾಯಿಯ ಮೇಲೆ ಸುತ್ತಿ ಸುತ್ತಿ ಪೇರಿಸಿ, ಕೆಳಗೆ ಬೆಂಕಿ ಹಾಕುವುದು ಅವರ ಕೆಲಸ. ಬಾನಿಯ ನೀರು ಕುದಿದು ಹಬೆ ಎದ್ದು, ಬಟ್ಟೆಯ ಎಳೆಎಳೆಯನ್ನು ಹೊಕ್ಕು ಕೊಳೆಯನ್ನು ಹೊರಗೆಳೆಯುತ್ತಿತ್ತು. ಅದಕ್ಕೆ ಉಬ್ಬೆ ಎನ್ನುತ್ತಾರೆ. ಕುಡಿಯುವ ನೀರಿನ ಮಡಕೆಯನ್ನೂ ಆ ಒಲೆಗೇ ಒತ್ತಿಟ್ಟು ಕಾಯಿಸುವುದು ಕೇರಿಯ ರೂಢಿ. ಅಷ್ಟು ದಿನವಾದರೂ ಅಗಸರ ಕೇರಿಗೆ ಬೇನೆ ಬಂದಿರಲಿಲ್ಲ.

ಆದರೆ ನೇಕಾರರ ಬೀದಿಯ ಸಿದ್ದಜ್ಜಿಯ ಮೊಮ್ಮಗ ತೀರಿಕೊಂಡಾಗ ಕಲ್ಲವ್ವ ಮಾತಾಡಿಸಲು ಹೋದಳು. ಅತ್ತು ಅತ್ತು ಕಲ್ಲವ್ವನ ಗಂಟಲಾರಿದಾಗ ಸಿದ್ದಜ್ಜಿ ಒಂದು ಚೊಂಬು ನೀರು ಕೊಟ್ಟಳು, ಕಲ್ಲವ್ವ ಕುಡಿದಳು. ಮರುದಿನ ಬೆಳಿಗ್ಗೆ ಅವಳು ಎದ್ದೇಳಲಿಲ್ಲ. ಕಣ್ಣು ಗುಳಿ ಬಿದ್ದವು, ಕೈಕಾಲು ತಣ್ಣಗಾದವು.

"ಹೊತ್ತು ಮುಳುಗೋತನಕ ಇದ್ರೆ ಹೆಚ್ಚು" ಎಂದರು ಕೇರಿಯ ಹೆಂಗಸರು. "ಹೋಗೇ ಮಾಚಿ, ಅವ್ವನ ಸೀರೆ ಒಪ್ಪಿಸಿ ಬಾ."

ಮಾಚಿಗೆ ಇದ್ದದ್ದು ಅವ್ವ ಒಬ್ಬಳೇ. ಸೀರೆಯನ್ನು ಎದೆಗವಚಿಕೊಂಡು ಹೊಂಡಕ್ಕೆ ಓಡಿದಳು. ಒಂದು ಸಲ ಅದ್ದಿದಳು. ಎರಡು ಸಲ ಅದ್ದಿದಳು. ಮೂರನೆಯ ಸಲ ಬಿಡಬೇಕು. ಬಿಡಲು ಹೋದರೆ ಕೈ ಬಿಚ್ಚಲಿಲ್ಲ. ನೀರಿನಲ್ಲಿ ಬಟ್ಟೆಯ ಸೆರಗು ಬಿಡಬಾರದೆಂದು ಹುಟ್ಟಿದಾಗಿನಿಂದ ಕಲಿತ ಕೈ ಅದು. ಬಿಡುವುದು ಅಗಸರ ಕೈಗೆ ಬಾರದ ವಿದ್ಯೆ. ಕೆಳಗಿನಿಂದ ಯಾರೋ ಸೀರೆಯನ್ನು ಜಗ್ಗಿದರು. ಮಾಚಿ ಇನ್ನೂ ಬಿಗಿಯಾಗಿ ಹಿಡಿದಳು. ಮತ್ತೊಮ್ಮೆ ಜಗ್ಗಿದಾಗ ಸೀರೆಯ ಜೊತೆ ಅವಳೂ ನೀರೊಳಗೆ ಹೋದಳು.

ಹೋದವಳು ಮುಳುಗಲಿಲ್ಲ. ಹೊಂಡದ ನೀರಿನಲ್ಲಿ ಉಸಿರಾಡಬಹುದಿತ್ತು. ಹಸಿರು ಬೆಳಕಿನಲ್ಲಿ ಮೆಟ್ಟಿಲುಗಳು ಸುತ್ತುಸುತ್ತಾಗಿ ಇಳಿಯುತ್ತಿದ್ದವು. ಹಾಡುವ ಮೀನುಗಳು ಅವಳ ಜಡೆಯ ಸುತ್ತ ತಿರುಗಿದವು. ಹತ್ತಿರದಿಂದ ಕೇಳಿದಾಗ ಅದು ಹಾಡಾಗಿರಲಿಲ್ಲ, ಅಳುವಾಗಿತ್ತು.

ನಾಲ್ಕನೆಯ ಸುತ್ತಿನಲ್ಲಿ ಕಲ್ಲಾನೆಯೊಂದು ನಿಂತಿತ್ತು. ಅದರ ಸೊಂಡಿಲಲ್ಲಿ ಸೀರೆಯ ಇನ್ನೊಂದು ತುದಿಯಿತ್ತು, ಹಿಂದೆ ಗುಡ್ಡದಷ್ಟು ಬಟ್ಟೆ ಬಿದ್ದಿತ್ತು.

"ನೂರು ವರುಷದಿಂದ ಒಪ್ಪಿಸಿದ್ದನ್ನೆಲ್ಲ ಹಿಡಿದು ಪೇರಿಸಿದ್ದೇನೆ" ಎಂದಿತು ಆನೆ. "ಬಿಡದೆ ಹಿಡಿದವಳು ನೀನೊಬ್ಬಳೇ. ಕೆಳಗೆ ಹೊಂಡಮ್ಮನ ಬಳಿ ಹೋಗಬೇಕಾದರೆ ಈ ವರುಷದ ಬಟ್ಟೆಗಳಲ್ಲಿ ಯಾವುದು ಯಾರದೆಂದು ಹೇಳು. ಒಂದು ತಪ್ಪಿದರೂ ನೀನೂ ಈ ಗುಡ್ಡದಲ್ಲೇ ಉಳಿಯುತ್ತೀ."

ಬೇರೆ ಯಾರಾದರೂ ಕೈಚೆಲ್ಲುತ್ತಿದ್ದರು. ಮಾಚಿಗೆ ನಗು ಬಂತು. ಪ್ರತಿ ಬಟ್ಟೆಯ ಮೂಲೆಯಲ್ಲೂ ಗೇರಿನ ಎಣ್ಣೆಯಿಂದ ಅವಳೇ ಹಾಕಿದ ಗುರುತುಗಳಿದ್ದವು. ಎರಡು ಚುಕ್ಕೆ ಒಂದು ಗೆರೆ ಅಕ್ಕಸಾಲಿಗರ ಬೀದಿ. ಮೂರು ಗೆರೆ ನೇಕಾರರು. ಅಡ್ಡಗೆರೆ ಅರಮನೆ. ಅವಳ ಕೈ ಮಗ್ಗದ ಲಾಳಿಯಂತೆ ಓಡಿತು. ರಾಶಿ ಮಾಡುತ್ತ ಮಾಡುತ್ತ ಅವಳ ನಗು ನಿಂತಿತು.

"ಆನೆಯಪ್ಪಾ, ಕುಂಬಾರರ ಬೀದಿದು ಒಂದೂ ಇಲ್ಲ. ನಮ್ಮ ಕೇರಿದು ಇವತ್ತಿನ ಈ ಸೀರೆ ಬಿಟ್ರೆ ಇಲ್ಲ."

"ಏಕೆ?"

ಮಾಚಿ ಯೋಚಿಸಿದಳು. ಕುಂಬಾರರು ಬೆಟ್ಟದ ಒರತೆಯ ನೀರು ಕುಡಿಯುವವರು, ಅಗಸರು ಹಳ್ಳದ ನೀರನ್ನು ಒಲೆಗಿಟ್ಟು ಕುಡಿಯುವವರು. ಉಳಿದ ರಾಶಿಗಳೆಲ್ಲ ಹೊಂಡದ ನೀರಿನ ಮನೆಗಳವು. ಅವ್ವ ಸಿದ್ದಜ್ಜಿಯ ಮನೆಯಲ್ಲಿ ಕುಡಿದ ಆ ಒಂದು ಚೊಂಬು ಅವಳ ನೆನಪಿಗೆ ಬಂತು.

"ಬೇನೆ ನೀರಲ್ಲೇ ಐತೆ" ಎಂದಳು. ಕಲ್ಲಾನೆ ಸೀರೆ ಬಿಟ್ಟು ದಾರಿ ಕೊಟ್ಟಿತು.

ಆರನೆಯ ಸುತ್ತಿನಲ್ಲಿ ಬಂಡಿಯಷ್ಟು ದೊಡ್ಡ ಏಡಿಯೊಂದು ಕೂತಿತ್ತು. ಅದರ ಮುಂದೆ ಎರಡು ಕುಡಿಕೆ. ಒಂದರಲ್ಲಿ ಕೆಂಪು ಮಣ್ಣಿನ ನೀರು, ಇನ್ನೊಂದರಲ್ಲಿ ಕನ್ನಡಿಯಂಥ ತಿಳಿನೀರು.

"ಒಂದರಲ್ಲಿ ಬರೀ ಮಣ್ಣಿದೆ, ಇನ್ನೊಂದರಲ್ಲಿ ಸಾವಿದೆ" ಎಂದಿತು ಏಡಿ. "ಒಂದನ್ನು ಕುಡಿದವರು ಮಾತ್ರ ಮುಂದೆ ಹೋಗಬಹುದು."

ಬೆಳ್ಳಗಿದ್ದದ್ದೇ ಶುದ್ಧ ಎಂದು ಬದುಕಿದವಳು ಮಾಚಿ. ಅವಳ ಕೈ ತಾನಾಗಿಯೇ ತಿಳಿನೀರಿನ ಕಡೆ ಹೋಯಿತು. ತುಟಿಯ ಹತ್ತಿರ ಬಂದಾಗ ಗುಡ್ಡದಷ್ಟಿದ್ದ ಆ ಬಟ್ಟೆಗಳು ಕಣ್ಣಮುಂದೆ ಬಂದವು. ಅವರೂ ಇದೇ ತಿಳಿನೀರನ್ನೇ ನಂಬಿ ಕುಡಿದವರು.

"ಅಣ್ಣಾ, ನನ್ನ ಕಣ್ಣನ್ನ ನಾನೇ ನಂಬಂಗಿಲ್ಲ. ನಿನ್ನ ಕಣ್ಣು ಒಂದ್ಗಳಿಗೆ ಕೊಡ್ತೀಯಾ?"

"ನೂರು ವರುಷದಲ್ಲಿ ಯಾರೂ ಕೇಳಿರಲಿಲ್ಲ" ಎಂದು ಏಡಿ ತನ್ನ ಕಡ್ಡಿಯ ತುದಿಯ ಕಣ್ಣೊಂದನ್ನು ಕಿತ್ತು ಕೊಟ್ಟಿತು. "ನನಗೆ ಇನ್ನೊಂದಿದೆ. ಇಟ್ಟುಕೋ."

ಅದು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಕಣ್ಣು. ಮಾಚಿ ಅದರ ಮೂಲಕ ತಿಳಿನೀರಿನ ಒಂದು ಹನಿಯನ್ನು ನೋಡಿದಳು. ಆ ಒಂದು ಹನಿಯೊಳಗೆ ಒಂದು ಪಟ್ಟಣವೇ ಇತ್ತು. ಅಲ್ಲಿ ಹತ್ತು ಸಾವಿರ ಕಾಳಜಂಘರಿದ್ದರು. ಎಲ್ಲರಿಗೂ ಅದೇ ಕೆದರಿದ ಜಡೆ, ಅದೇ ಎಲುಬಿನ ಸರ, ಅದೇ ಕೆಂಪು ಕಣ್ಣು. ಗಸಗಸೆಯ ಕಾಳನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲಿನಷ್ಟು ಒಬ್ಬೊಬ್ಬ. ನೋಡನೋಡುತ್ತಿದ್ದಂತೆ ಒಬ್ಬ ಇಬ್ಬರಾಗುತ್ತಿದ್ದ, ಇಬ್ಬರು ನಾಲ್ವರಾಗುತ್ತಿದ್ದರು. ಊರೆಲ್ಲ ತಲೆಯೆತ್ತಿ ಹುಡುಕುತ್ತಿದ್ದ ಮಾಂತ್ರಿಕ ಸಣ್ಣವನಾಗುವುದನ್ನು ಕಲಿತಿದ್ದ. ಮಣ್ಣಿನ ನೀರಿನಲ್ಲಿ ಮಣ್ಣಲ್ಲದೆ ಮತ್ತೇನೂ ಇರಲಿಲ್ಲ. ಮಾಚಿ ಅದನ್ನು ಕಣ್ಣುಮುಚ್ಚಿ ಕುಡಿದಳು. ಏಡಿ ಪಕ್ಕಕ್ಕೆ ಸರಿಯಿತು.

ಏಳನೆಯ ಸುತ್ತು ತಳ. ಅಲ್ಲಿ ಹೊಂಡಮ್ಮ ಇದ್ದಳು. ಅವಳೊಂದು ಆಮೆ. ಅಂಗಳದಷ್ಟು ಅಗಲದ ಅವಳ ಚಿಪ್ಪು ಸ್ಫಟಿಕದ್ದು, ಅದರೊಳಗೆ ನಕ್ಷತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಇಂಥದ್ದನ್ನು ನೋಡಿ ಹುಟ್ಟಿದ್ದೇ ಸಾರ್ಥಕವೆನ್ನಿಸಿ ಮಾಚಿಗೆ ಕಣ್ಣೀರು ಬಂತು. ಆದರೆ ಆಮೆಯ ನಾಲ್ಕು ಕಾಲಿಗೂ ಕೊರಳಿಗೂ ಕರಿಯ ಕೂದಲಿನ ಹಗ್ಗ ಬಿಗಿದಿತ್ತು. ಕಾಳಜಂಘನ ಜಡೆ ಅದು.

ಸುತ್ತಲ ನೀರೆಲ್ಲ ಒಮ್ಮೆಗೇ ನಕ್ಕಿತು. "ಬಂದೆಯಾ ಅಗಸಗಿತ್ತಿ? ನಾನು ಕರೆಯದೆ ಯಾರ ಮನೆಗೂ ಹೋಗಿಲ್ಲ. ಅವರೇ ಕೊಡದಲ್ಲಿ ಕೂರಿಸಿಕೊಂಡು ತಲೆಯ ಮೇಲೆ ಹೊತ್ತು ಕರೆದೊಯ್ದರು. ಒಪ್ಪಿಸಿದ ಒಂದೊಂದು ಬಟ್ಟೆಯಲ್ಲೂ ನಾನು ಹೊಂಡಕ್ಕೆ ತಿರುಗಿ ಬಂದೆ. ಕಬ್ಬಿಣ ನನ್ನನ್ನು ಕಡಿಯದು, ಬೆಂಕಿ ನಾನಿರುವ ನೀರಿನೊಳಗೆ ಬರಲಾರದು, ನೀರು ನನ್ನನ್ನು ಮುಳುಗಿಸಲಾರದು. ಯಾವುದರಿಂದ ಕೊಲ್ಲುತ್ತೀ?"

ಆಮೆ ಕಣ್ಣು ತೆರೆದಳು. "ಅವನು ಹೇಗೆ ಸಾಯುತ್ತಾನೆಂದು ನಾನು ಹೇಳುವಂತಿಲ್ಲ, ಮಗಳೇ. ನೀನೇ ನನ್ನ ಕಿವಿಯಲ್ಲಿ ಹೇಳಬೇಕು. ಸರಿಯಾದರೆ ಮೇಲಕ್ಕೆ ಕಳಿಸುತ್ತೇನೆ. ತಪ್ಪಾದರೆ ಇಬ್ಬರೂ ಇಲ್ಲೇ."

ಕಬ್ಬಿಣವಲ್ಲ, ಬೆಂಕಿಯಲ್ಲ, ನೀರಲ್ಲ. ಮಾಚಿಯ ಕೈಯಲ್ಲಿ ಅವ್ವನ ಸೀರೆ ಇನ್ನೂ ಇತ್ತು. ಎಂಥ ಕೊಳೆಯಾದರೂ ಅವ್ವ ಹೆದರುತ್ತಿರಲಿಲ್ಲ. ಉಬ್ಬೆಗೆ ಹಾಕಿದರೆ ಆಯಿತು ಎನ್ನುತ್ತಿದ್ದಳು. ಬಾನಿಯ ಕೆಳಗೆ ಬೆಂಕಿ, ಬಾನಿಯೊಳಗೆ ನೀರು. ಬಟ್ಟೆಯನ್ನು ಹೊಗುವುದು ಮಾತ್ರ ಎರಡೂ ಅಲ್ಲ. ಮಾಚಿ ಬಗ್ಗಿ ಆಮೆಯ ಕಿವಿಯಲ್ಲಿ, "ಹಬೆ" ಎಂದಳು.

ಆಮೆಯ ಕೊರಳಿನ ಹಗ್ಗ ಹರಿಯಿತು. ನೀರಿನ ನಗು ನಿಂತಿತು.

"ಒಂದು ಹರಿಯಿತು, ನಾಲ್ಕು ಉಳಿದಿವೆ" ಎಂದಳು ಹೊಂಡಮ್ಮ. "ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಯಾರೂ ಈ ನೀರಿಗೆ ಏನೂ ಒಪ್ಪಿಸಬಾರದು, ಕುದಿಸದೆ ಒಂದು ಹನಿಯನ್ನೂ ಮನೆಗೆ ಹೊಗಿಸಬಾರದು. ಆಗ ಅವು ತಾವೇ ಕೊಳೆಯುತ್ತವೆ. ಹೋಗು, ಹೊತ್ತು ಇಳಿಯುತ್ತಿದೆ."

ಮಾಚಿ ಮೇಲೆದ್ದಾಗ ಹೊಂಡದ ಸುತ್ತ ಊರಿಗೆ ಊರೇ ಸೇರಿತ್ತು. ರಾಣಿ ಲಕುಮಾದೇವಿಗೂ ಬೇನೆ ತಗಲಿತ್ತು. ಕೇತರಸ ತಾನೇ ರಾಣಿಯ ರೇಷ್ಮೆಯ ಹಾಸನ್ನು ಒಪ್ಪಿಸಲು ಮೆಟ್ಟಿಲಿಳಿಯುತ್ತಿದ್ದ. ಅವನ ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. ಮಾಚಿ ಮೈಯೆಲ್ಲ ತೊಟ್ಟಿಕ್ಕುತ್ತ ಅವನೆದುರು ಎರಡು ಕೈ ಚಾಚಿ ನಿಂತಳು.

"ಬೇಡಿ ದೊರೆ. ಅದನ್ನ ಅದ್ದಬೇಡಿ."

"ದಾರಿ ಬಿಡು" ಎಂದ ದೊರೆ. ದಂಡನಾಯಕ ಕತ್ತಿ ಹಿರಿದ.

"ನನ್ನ ಕಡೀರಿ, ಬೇಡ ಅನ್ನಲ್ಲ. ಆದ್ರೆ ಅದಕ್ಕೆ ಮುಂಚೆ ಇದರಲ್ಲಿ ಒಂದ್ಸಲ ನೋಡಿ. ಅಲ್ಲಿ ನಮ್ಮವ್ವ ಸಾಯ್ತಾ ಅವಳೆ ದೊರೆ. ನನಗೂ ಹೊತ್ತಿಲ್ಲ."

ದೊರೆ ಏಡಿಯ ಕಣ್ಣನ್ನು ಹಿಡಿದು, ಮೆಟ್ಟಿಲ ಮೇಲಿದ್ದ ಹನಿಯೊಂದನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನ ಕೈಯಿಂದ ಸಂಪಿಗೆ ಬಿತ್ತು. ಕಣ್ಣನ್ನು ದಂಡನಾಯಕನಿಗೆ ಕೊಟ್ಟ. ಅವನು ನೋಡಿ ಕತ್ತಿಯನ್ನು ಒರೆಗೆ ಹಾಕಿದ. ಅಷ್ಟು ಸಣ್ಣವನಿಗೆ ಕತ್ತಿ ಬೀಸುವುದಾದರೂ ಎಲ್ಲಿಗೆ? ಕಣ್ಣು ಕೈಯಿಂದ ಕೈಗೆ ಹೋಯಿತು. ಇಡೀ ಸುರಗೋಡು ಸಾಲಾಗಿ ಬಂದು, ತಾನು ದಿನವೂ ಕುಡಿಯುತ್ತಿದ್ದುದನ್ನು ನೋಡಿತು.

ಸಾಲಿನಲ್ಲಿ ಸಿದ್ದಜ್ಜಿಯೂ ಇದ್ದಳು. ಅವಳು ನೋಡಿದವಳೇ ಮೆಟ್ಟಿಲ ಮೇಲೆ ಕುಸಿದಳು.

"ಹಂಗಾದ್ರೆ ನನ್ನ ಕೂಸಿಗೆ ಇದನ್ನ ನಾನೇ ಕುಡಿಸಿದ್ನೇನೆ, ಮಾಚಿ? ಒಲ್ಲೆ ಅಂತಿತ್ತು. ಮೂಗು ಹಿಡಿದು ಕುಡಿಸಿದೆ. ನಿಮ್ಮವ್ವನಿಗೂ ನಾನೇ ಕೊಟ್ಟೆ."

ಒಂದು ಗಳಿಗೆ ಮಾಚಿಗೆ ಸಿಟ್ಟು ಬಂತು. ಆಮೇಲೆ ಮುದುಕಿಯ ಪಕ್ಕ ಕೂತು ಅವಳ ಕೈ ಹಿಡಿದಳು.

"ಅಜ್ಜಿ, ಇವತ್ತು ಬೆಳಿಗ್ಗೆ ನಾನೂ ಇದೇ ಮೆಟ್ಲಲ್ಲಿ ನಮ್ಮವ್ವನ ಸೀರೆ ಎರಡು ಸಲ ಅದ್ದಿದೆ. ಆಮೇಲೆ ಇಲ್ಲಿ ಯಾರು ಕೊಡ ತುಂಬಿಕೊಂಡು ಹೋದ್ರೋ ನಂಗೊತ್ತಿಲ್ಲ. ನಾವು ಅವ್ರು ಉಳೀಲಿ ಅಂತ್ಲೇ ಮಾಡಿದ್ದು. ಗೊತ್ತಿರ್ಲಿಲ್ಲ, ಅಷ್ಟೇ. ಈಗ ಗೊತ್ತಾತಲ್ಲ."

ಆ ಮಾತು ದೊರೆಯ ಕಿವಿಗೂ ಬಿತ್ತು. ಅವನು ಕಿರೀಟ ತೆಗೆದು ಮಂತ್ರಿಯ ಕೈಗಿಟ್ಟು, ಹೊಲಸಾದ ಆ ಹಾಸನ್ನು ಬೇರೆ ಯಾರಿಗೂ ಕೊಡದೆ ತನ್ನ ತಲೆಯ ಮೇಲೆ ಹೊತ್ತುಕೊಂಡ. "ನಿಮ್ಮ ಬಾನಿ ಎಲ್ಲಿದೆಯಮ್ಮ, ತೋರಿಸು" ಎಂದ. ದೊರೆ ತಲೆಯ ಮೇಲೆ ಕೊಳೆ ಹೊತ್ತು ಅಗಸರ ಕೇರಿಗೆ ನಡೆದ. ಊರು ಅವನ ಹಿಂದೆ ನಡೆಯಿತು. ಹಿತ್ತಾಳೆಯ ನವಿಲು ಆ ದಿನ ಕುಣಿಯಲಿಲ್ಲ, ಕತ್ತು ಚಾಚಿ ನೋಡುತ್ತಿತ್ತು.

ಮಾಚಿ ಮುಂದೆ ಓಡಿದಳು. ಕಲ್ಲವ್ವನಲ್ಲಿ ಇನ್ನೂ ಉಸಿರಿತ್ತು. ಒಲೆಗೆ ಒತ್ತಿಟ್ಟಿದ್ದ ಮಡಕೆಯ ನೀರನ್ನು ಮತ್ತೊಮ್ಮೆ ಕುದಿಸಿ, ಗಂಜಿ ಮಾಡಿ, ಉಪ್ಪು ಬೆರೆಸಿ ಆರಿಸಿ, ಹನಿಹನಿಯಾಗಿ ಅವ್ವನ ತುಟಿಗೆ ಬಿಟ್ಟಳು. ಅಂಗಳದಲ್ಲಿ ದೊರೆ ಬಾನಿಗೆ ಬಟ್ಟೆ ಪೇರಿಸುತ್ತಿದ್ದ. ರೇಷ್ಮೆ ಕೆಳಗೆ, ಕಂಬಳಿ ಮೇಲೆ. ಕೆಳಗೆ ಬೆಂಕಿ ಹತ್ತಿತು, ಹಬೆ ಎದ್ದಿತು. ಬಟ್ಟೆಗಳೊಳಗಿನಿಂದ ಒಗ್ಗರಣೆಯ ಸಾಸಿವೆ ಸಿಡಿಯುವಂಥ ಸದ್ದು ಶುರುವಾಯಿತು. ಅದು ಹತ್ತು ಸಾವಿರ ಮಾಂತ್ರಿಕರ ಕೂಗು. ಕೂಗು ಸಣ್ಣದಾಗುತ್ತ ಆಗುತ್ತ ಇಲ್ಲವಾಯಿತು. ಹಬೆ ಮೋಡವಾಗಿ ಮೇಲೇರಿ ಸಂಜೆಯ ಬಿಸಿಲಿಗೆ ಹೊನ್ನಾಯಿತು. ಕೇತರಸ ಬೆವರೊರೆಸುವುದನ್ನೂ ಮರೆತು ಅದನ್ನೇ ನೋಡಿದ.

ಆಗ ಒಳಗಿನಿಂದ ಕ್ಷೀಣವಾದ ದನಿಯೊಂದು ಕೇಳಿಸಿತು. ಕಲ್ಲವ್ವ ಕಣ್ಣು ತೆರೆದು ಬಾಗಿಲಾಚೆ ನೋಡುತ್ತಿದ್ದಳು.

"ಯಾರೇ ಅದು, ಮಾಚಿ? ರೇಷ್ಮೆನ ತಳಕ್ಕಾಕವ್ನೆ. ಸುಟ್ಟೋಗ್ತದೆ. ಮೇಲಕ್ಕೆ ಹಾಕು ಅನ್ನು ಅವನಿಗೆ."

ಮಾಚಿ ಅವ್ವನ ಎದೆಗೆ ಮುಖವೊತ್ತಿ ಅತ್ತಳು. ಹೊರಗೆ ಸುರಗೋಡಿನ ದೊರೆ ಲಗುಬಗೆಯಿಂದ ರೇಷ್ಮೆಯನ್ನು ಮೇಲಕ್ಕೆ ಹಾಕಿದ.

ರಾಣಿಗೂ ಅದೇ ಗಂಜಿ ಹೋಯಿತು, ಅವಳೂ ಎದ್ದು ಕೂತಳು. ಏನು ಬೇಕೋ ಕೇಳು ಎಂದು ದೊರೆ ಮಾಚಿಗೆ ಹೇಳಿದ. "ಮನೆಮನೆಗೆ ಸೌದೆ ಬೇಕು, ದೊರೆ" ಎಂದಳು ಅವಳು. "ನೀರು ಕಾಯಿಸಿ ಅಂದ್ರೆ ಬಡವರು ಯಾತರಲ್ಲಿ ಕಾಯಿಸ್ತಾರೆ?" ಅಂದಿನಿಂದ ಅರಸನ ಕಾಡಿನ ಸೌದೆ ಎಲ್ಲರ ಒಲೆಗೂ ಬಂತು. ದನಗಳಿಗೆ ಬೇರೆ ಕೊಟ್ಟಿಗೆಯಾಯಿತು, ತಿಪ್ಪೆಗಳು ಕೋಟೆಯಾಚೆ ಹೋದವು, ಬಚ್ಚಲುಗಳಿಗೆ ಕುಂಬಾರರು ಮಣ್ಣಿನ ಕೊಳವೆ ಮಾಡಿಕೊಟ್ಟರು. ಸಿದ್ದಜ್ಜಿ ಕೋಲು ಹಿಡಿದು ಹೊಂಡದ ಮೊದಲ ಮೆಟ್ಟಿಲ ಮೇಲೆ ಕೂತಳು. ನಲವತ್ತೆಂಟು ದಿನ ಅವಳು ಅಲ್ಲಿಂದ ಏಳಲಿಲ್ಲ. ಬಟ್ಟೆ ಹಿಡಿದು ಬಂದ ಒಬ್ಬರನ್ನೂ ಕೆಳಗಿಳಿಯಗೊಡಲಿಲ್ಲ.

ನಲವತ್ತೊಂಬತ್ತನೆಯ ಬೆಳಿಗ್ಗೆ ಹೊಂಡದ ನೀರು ತಾನಾಗಿಯೇ ಉಬ್ಬಿತು. ಸ್ಫಟಿಕದ ಚಿಪ್ಪಿನ ಹೊಂಡಮ್ಮ ಹಗ್ಗಗಳಿಲ್ಲದೆ ಮೇಲೆ ಬಂದಳು. ಅವಳ ಬೆನ್ನಿನ ನಕ್ಷತ್ರಗಳು ಹಗಲಿನಲ್ಲೂ ಹೊಳೆದವು. ಮೀನುಗಳು ಹಾಡಿದವು, ಈ ಸಲ ಅದು ಹಾಡೇ ಆಗಿತ್ತು. ಹೊಂಡಮ್ಮ ಸುತ್ತ ನೆರೆದ ಜನರನ್ನೆಲ್ಲ ನೋಡಿ, ಕೊನೆಗೆ ಕೋಲು ಹಿಡಿದ ಮುದುಕಿಯ ಬಳಿ ಬಂದು, ಅವಳ ಪಾದದ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು. ಸಿದ್ದಜ್ಜಿ ಮೊಮ್ಮಗ ಸತ್ತ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟು ಅತ್ತಳು, ಊರೆಲ್ಲ ಅವಳ ಜೊತೆ ಅತ್ತಿತು.

ಕಾಳಜಂಘನ ಹೆಸರು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಸುರಗೋಡಿನವರು ಕಾಯಿಸಿ ಆರಿಸಿದ ನೀರು ಕುಡಿದು, ಮಕ್ಕಳು ಮೊಮ್ಮಕ್ಕಳನ್ನು ಕಂಡು, ತಲೆ ನರೆಯುವವರೆಗೆ ಸುಖವಾಗಿ ಬಾಳಿದರು. ಇಷ್ಟು ಹೇಳಿ ನನ್ನ ಗಂಟಲು ಒಣಗಿದೆ. ಒಂದು ಚೊಂಬು ನೀರು ಕೊಡಿ, ಕುದಿಸಿದ್ದೇ ಇರಲಿ.